ಅಳುತ್ತಾ ಖಾಲಿ ಮಾಡುವವರ ಬೀದಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿ ಕೈತೊಳೆದುಕೊಂಡರು. ಮನೆ ಸಾಗಿಸಿ ನೋಡು ಅನ್ನುವ ಮೂರನೆಯ ಮಾತನ್ನು ಅದಕ್ಕೆ ಸೇರಿಸಿದವನು ನಮ್ಮ ಟೇಪಣ್ಣ. ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಅದು ಅವನ ಗುರುತಿನ ಚೀಟಿಯೊಳಗೆ ಸುಖವಾಗಿದೆ. ಬೆಲ್ಟಿಗೆ ಸದಾ ಒಂದು ಅಳತೆ ಟೇಪು ಸಿಕ್ಕಿಸಿಕೊಂಡಿರುತ್ತಾನೆಂದು ಜೊತೆಗೆ ಹೊರುವವರು ತಮಾಷೆಗೆ ಕರೆದದ್ದೇ ಊರಿಗೆಲ್ಲ ಹೆಸರಾಯಿತು.

ಮನೆ ಸಾಮಾನು ಸಾಗಿಸುವುದು ಅವನ ಕಸುಬು. ಒಂದು ಲಾರಿ, ನಾಲ್ಕು ಜನ, ಒಂದಷ್ಟು ಹಗ್ಗ, ಗೀರು ಬೀಳದಂತೆ ಸುತ್ತುವುದಕ್ಕೆ ಹಳೇ ಕಂಬಳಿ. ಇಪ್ಪತ್ತಾರು ವರ್ಷದಿಂದ ಊರಿನ ಬೀರು, ಮಂಚ, ಫ್ರಿಜ್ಜುಗಳನ್ನು ಒಂದು ಮನೆಯಿಂದ ಇಳಿಸಿ ಇನ್ನೊಂದು ಮನೆಗೆ ಹತ್ತಿಸಿದ್ದಾನೆ. ಬೀರು ಹೊರುವಾಗ ಮುಂದಿನ ತುದಿ ಹಿಡಿದವನು ಹಿಮ್ಮುಖವಾಗಿ ನಡೆಯಬೇಕು, ಆ ತುದಿ ಯಾವಾಗಲೂ ಟೇಪಣ್ಣನದೇ. ಹಾಗಾಗಿ ಊರಿನ ಮುಕ್ಕಾಲು ಪಾಲು ಮನೆಗಳೊಳಕ್ಕೆ ಅವನು ಬೆನ್ನು ಮುಂದೆ ಮಾಡಿಕೊಂಡೇ ಹೋಗಿದ್ದಾನೆ. ಯಾವ ಮನೆಯ ಮೆಟ್ಟಿಲು ಎಲ್ಲಿ ತಿರುಗುತ್ತದೆ, ಯಾವ ಬಾಗಿಲು ಎರಡು ಬೆರಳು ಕಿರಿದು, ಕೇಳಿದರೆ ಮಗ್ಗಿ ಒಪ್ಪಿಸಿದ ಹಾಗೆ ಹೇಳುತ್ತಾನೆ. ಗೋಡೆಗೆ ಯಾವ ಬಣ್ಣ ಇತ್ತಪ್ಪಾ ಅಂದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾನೆ.

ಇಷ್ಟು ಮನೆ ಕಂಡವನಿಗೆ ಸ್ವಂತದ್ದು ಒಂದಿರಲಿಲ್ಲ. ಮದುವೆಯಾದ ಇಪ್ಪತ್ತೆರಡು ವರ್ಷಕ್ಕೆ ಒಂಬತ್ತು ಬಾಡಿಗೆ ಮನೆ ಆಗಿದ್ದವು. ಒಂಬತ್ತೂ ಎರಡೆರಡು ಕೋಣೆಯವು. ಅಷ್ಟರಲ್ಲೇ ಅವನು, ಹೆಂಡತಿ, ಅಮ್ಮ, ಮೊನ್ನೆ ಮೊನ್ನೆ ಹಾಸ್ಟೆಲಿಗೆ ಹೋದ ಮಗಳು, ಜೊತೆಗೆ ಮಾತಾಡಿಸಲು ಬಂದು ಊಟ ಮಾಡಿಕೊಂಡು ಹೋಗುವ ಲಾರಿಯವರು. ಈ ವರ್ಷ ಗಂಡ ಹೆಂಡತಿ ಇಬ್ಬರೂ ಕೂಡಿಟ್ಟದ್ದು ಬ್ಯಾಂಕಿನವರ ಕಣ್ಣಿಗೂ ಸಾಕೆನಿಸಿ, "ಮನೆ ನೋಡ್ಕೊಳ್ಳಿ, ಇಬ್ಬರೂ ಬಂದು ಸಹಿ ಹಾಕಿ" ಅಂದರು. ಅವತ್ತಿನಿಂದ ಟೇಪಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಬಡಾವಣೆ ಆರಿಸುವುದಕ್ಕೆ ಅವನ ಹತ್ತಿರ ಅವನದೇ ಒಂದು ಶಾಸ್ತ್ರವಿತ್ತು. ಬೇರೆಯವರೆಲ್ಲ ಶಾಲೆ ಎಷ್ಟು ದೂರ, ನೀರು ಎಷ್ಟು ಹೊತ್ತು ಬರುತ್ತೆ, ಯಾರು ಯಾರು ಬಂದು ಸೇರಿದ್ದಾರೆ ಅಂತ ವಿಚಾರಿಸುತ್ತಾರೆ. ಬರುವವರದೇನು ದೊಡ್ಡ ವಿಷಯ, ಎಲ್ಲರೂ ಹಲ್ಲು ಕಿರಿದುಕೊಂಡೇ ಬರುತ್ತಾರೆ. ಬೀದಿಯ ಯೋಗ್ಯತೆ ಗೊತ್ತಾಗಬೇಕಾದರೆ ಅದನ್ನು ಬಿಟ್ಟು ಹೋಗುವವರ ಮುಖ ನೋಡಬೇಕು. ಆ ಮುಖ ಕಾಣಿಸುವುದು ಲಾರಿಯವನಿಗೆ ಮಾತ್ರ. ಮಾರುಕಟ್ಟೆ ಹಿಂದಿನವರು ಹಗ್ಗ ಬಿಗಿಯುವುದಕ್ಕೂ ಪುರಸೊತ್ತು ಕೊಡದೆ ಓಡುತ್ತಾರೆ. ಗಿರಣಿ ಪಕ್ಕದವರು ನೆರೆಮನೆಗೆ ಕೇಳಿಸಲಿ ಅಂತಲೇ ಜೋರಾಗಿ ನಗುತ್ತಾರೆ. ಊರಂಚಿನ ಹೊಸ ಬಡಾವಣೆಯವರು ಅಳುವುದೂ ಇಲ್ಲ, ನಗುವುದೂ ಇಲ್ಲ; ಫೋನಿನಲ್ಲಿ ಮಾತಾಡುತ್ತಾ ಕಾರು ಹತ್ತುತ್ತಾರೆ.

ಆದರೆ ರೈಲು ಹಳಿಯ ಆಚೆ ಒಂದು ಸಣ್ಣ ಬೀದಿ ಇದೆ. ಇಪ್ಪತ್ತಾರು ವರ್ಷದಲ್ಲಿ ಅಲ್ಲಿಂದ ಖಾಲಿ ಮಾಡಿದ್ದು ನಾಲ್ಕೇ ಮನೆ. ನಾಲ್ಕು ಸಲವೂ ಹೋಗುವವರು ಗೊಳೋ ಅಂತ ಅತ್ತಿದ್ದರು. ಗಡಿಯಾರ ರಿಪೇರಿ ಮಾಡುವವನೊಬ್ಬನಂತೂ ಲಾರಿ ಹತ್ತಿ, ಇಳಿದು, ಎದುರು ಮನೆಯವನನ್ನು ತಬ್ಬಿಕೊಂಡು, ಮತ್ತೆ ಹತ್ತಿ, ಮತ್ತೆ ಇಳಿದು, ಅವತ್ತಿನ ಎರಡನೇ ಬಾಡಿಗೆಯನ್ನೇ ತಪ್ಪಿಸಿದ್ದ. ಟೇಪಣ್ಣನಿಗೆ ಕೋಪ ಬರಬೇಕಿತ್ತು, ಬಂದದ್ದು ಹೊಟ್ಟೆಕಿಚ್ಚು. ಬಿಟ್ಟು ಹೋಗುವಾಗ ಇಷ್ಟು ಅಳು ಬರುವಂಥ ಬೀದಿಯಲ್ಲಿ ತಾನೂ ಇರಬೇಕು ಅಂತ ಅವತ್ತೇ ಮನಸ್ಸಿನಲ್ಲಿ ಬರೆದಿಟ್ಟುಕೊಂಡ. ಕಷ್ಟ ಏನೆಂದರೆ, ಯಾರೂ ಬಿಡದ ಬೀದಿಯಲ್ಲಿ ಮನೆ ಖಾಲಿ ಬೀಳುವುದಾದರೂ ಹೇಗೆ?

ಗುರುವಾರ ಬೆಳಿಗ್ಗೆ ಫೋನು ಬಂತು. ರಿಟೈರಾದ ಟೀಚರೊಬ್ಬರು. ಸಾಮಾನು ಎಷ್ಟಿದೆ ಅಂತ ನೋಡಿಕೊಂಡು ಹೋಗಿ ಅಂದರು. ವಿಳಾಸ ಕೇಳಿದ್ದೇ ತಡ, ಟೇಪಣ್ಣ ಕುಡಿಯುತ್ತಿದ್ದ ಚಹಾ ಅರ್ಧಕ್ಕೇ ಬಿಟ್ಟು ಲಾರಿ ಹತ್ತಿದ.

ಮನೆ ನೋಡಿದರೆ ಬೆಂಕಿಪೆಟ್ಟಿಗೆಯನ್ನು ಉದ್ದಕ್ಕೆ ನಿಲ್ಲಿಸಿದ ಹಾಗೆ. ಎರಡೂ ಕಡೆ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಕೆಳಗೆ ಅಡುಗೆಮನೆ, ಬಚ್ಚಲು, ಬೀದಿಯ ಕಡೆ ಕಿಟಕಿ ಇರುವ ಒಂದು ಕೋಣೆ. ಅದರ ಮೇಲೊಂದು ಕೋಣೆ, ಅದರ ಮೇಲೆ ಇನ್ನೊಂದು ಚಿಕ್ಕದು. ನಡುವೆ ಎರಡು ಕಡೆ ತಿರುಗುವ ಕಡಿದಾದ ಮೆಟ್ಟಿಲು, ಒಟ್ಟು ಮೂವತ್ತೊಂದು. ಹೊರುವವರ ಲೋಕದಲ್ಲಿ ಇಂಥ ಮನೆಗೆ ಒಳ್ಳೆಯ ಹೆಸರಿಲ್ಲ, ಅವರು ಇಡುವ ಹೆಸರು ಬರೆಯುವಂಥದ್ದೂ ಅಲ್ಲ.

ಟೇಪು ಎಳೆಯುತ್ತಿದ್ದಂತೆ ಟೀಚರ ಕಣ್ಣು ತುಂಬಿ ಬಂತು. ತಂಗಿಯ ಜೊತೆಗಿರಲು ಹೋಗುತ್ತಿದ್ದಾರಂತೆ, ಮುದುಕಿಯರಾದ ಮೇಲೆ ಒಟ್ಟಿಗಿರಬೇಕು ಅಂತ ಚಿಕ್ಕಂದಿನಲ್ಲೇ ಮಾತಾಗಿತ್ತಂತೆ. "ಖುಷಿಯಿಂದಲೇ ಹೋಗ್ತಿದ್ದೀನಪ್ಪಾ, ಆದರೂ ನೋಡು" ಅಂತ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಐದಕ್ಕೆ ಐದು! ಟೇಪಣ್ಣ ಟೇಪು ಸುತ್ತಿ ಬೆಲ್ಟಿಗೆ ಸಿಕ್ಕಿಸಿದ.

"ಟೀಚರಮ್ಮಾ, ಈ ಮನೆ ಯಾರಿಗೆ ಕೊಟ್ರಿ?"

"ಇನ್ನೂ ಇಲ್ಲ. ಭಾನುವಾರ ನಾಲ್ಕು ಗಂಟೆಗೆ ಔಷಧಿ ಅಂಗಡಿಯವರು ಬರ್ತಾರೆ. ಹಿಡಿಸಿದ್ರೆ ಅವತ್ತೇ ಮಾತು ಮುಗಿಸ್ತಾರಂತೆ."

"ನಾನು ಮೂರು ಗಂಟೆಗೆ ಬರ್ತೀನಿ. ಮನೆಯವಳನ್ನ ಕರ್ಕೊಂಡು."

ಟೀಚರು ಅಳು ನಿಲ್ಲಿಸಿ ನಕ್ಕುಬಿಟ್ಟರು. "ಬಾ, ಮೊದಲು ಹೂಂ ಅಂದವರಿಗೆ ಕೊಡ್ತೀನಿ. ಅಳೆಯೋಕೆ ಬಂದವನು ಕೊಳ್ಳೋದು ಇದೇ ಮೊದಲು ನೋಡಿದ್ದು."

ಹೆಂಡತಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿಗೆ ಕೂರುವವಳು. ದಿನವಿಡೀ ದವಡೆ ಹಿಡಿದುಕೊಂಡು ಬರುವವರ ಕಥೆ ಕೇಳಿ, ಚೀಟಿ ಬರೆದು, ಫೋನೆತ್ತಿ, ಸಮಾಧಾನ ಹೇಳಿ ಸಂಜೆ ಮನೆಗೆ ಬರುತ್ತಾಳೆ. ಅವಳು ಆಗಲೇ ಹೊಸ ಬಡಾವಣೆಯಲ್ಲೊಂದು ಮನೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ಒಂದೇ ಅಂತಸ್ತು, ಅಗಲವಾದ ಬಾಗಿಲು, ಹೊಸಲೂ ಎತ್ತರ ಇಲ್ಲ. ಗಂಡ ಬೆಂಕಿಪೆಟ್ಟಿಗೆಯ ವರ್ಣನೆ ಮುಗಿಸುವಷ್ಟರಲ್ಲಿ ಅವಳ ಹುಬ್ಬು ಮೇಲೇರಿತ್ತು.

"ಮೂವತ್ತೊಂದು ಮೆಟ್ಟಿಲಾ? ಬೀರು ಹೊತ್ತು ಹೊತ್ತು ಸವೆದ ನಿಮ್ಮ ಮಂಡಿ ಏನು ಬಾಡಿಗೆಗೆ ತಂದಿದ್ದಾ? ಅತ್ತೆ ಹತ್ತೋದು ಹೇಗೆ?"

"ಅಮ್ಮ ಕೆಳಗಿರ್ತಾಳೆ. ನಾನು ಮಧ್ಯದ ತನಕ ಹತ್ತಿದ್ರೆ ಆಯ್ತು. ಬೀದಿ ನೋಡೇ ಬೀದಿ! ಬಿಟ್ಟು ಹೋಗೋರೆಲ್ಲ ಅತ್ತಿದ್ದಾರೆ, ಐದು ಜನ."

"ಯಾಕೆ ಅತ್ತರು ಅಂತ ಕೇಳಿದ್ರಾ?"

"ಕೇಳೋಕೆ ಕೈಯಲ್ಲಿ ಬೀರು ಇತ್ತಲ್ಲೇ."

"ಆ ಮೆಟ್ಟಿಲಲ್ಲಿ ಸೊಂಟ ಮುರಿದು ಅತ್ತಿರ್ತಾರೆ. ಹೊಸ ಬಡಾವಣೆಯವರು ಸುಮ್ಮನೆ ಹೋದರೂ ನೆಟ್ಟಗೆ ನಡ್ಕೊಂಡು ಹೋಗ್ತಾರಲ್ಲ!"

ಅಷ್ಟಕ್ಕೆ ಟೇಪಣ್ಣ ಬಿಡುವ ಆಸಾಮಿಯೇ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಶುಕ್ರವಾರ ಹಳಿಯಾಚೆಯ ಬೀದಿ ಹೊಗಳಿದ, ಶನಿವಾರ ಹೊಗಳಿದ, ನಿದ್ದೆಗಣ್ಣಿನಲ್ಲೂ ಹೊಗಳಿದ. ಅವಳು ಜಗ್ಗಲಿಲ್ಲ. ಕೊನೆಗೆ ಅಮ್ಮನ ಅಭಿಪ್ರಾಯ ಕೇಳಿದರು. ಅಮ್ಮ ಹೇಳಿದಳು, "ನನಗೇನಪ್ಪಾ, ಎಲ್ಲಾದರೂ ಸರಿ. ಮಂಚದ ಪಕ್ಕ ಕಿಟಕಿ ಇರಬೇಕು, ಕಿಟಕಿ ಆಚೆ ಜನ ಓಡಾಡಬೇಕು, ಬಚ್ಚಲು ಹತ್ತಿರ ಇರಬೇಕು, ಮಾತಾಡಿಸಿದ್ರೆ ಉತ್ತರ ಕೊಡೋರು ಇರಬೇಕು. ಅಷ್ಟು ಬಿಟ್ಟು ಇನ್ನೇನೂ ಬೇಡ."

"ನಾಳೆ ಒಂದು ಸಲ ಬಂದು ನೋಡು," ಅಂದ ಟೇಪಣ್ಣ ಹೆಂಡತಿಗೆ. "ನೋಡಿ ಬೇಡ ಅಂದ್ರೆ ನಿನ್ನ ಹೊಸ ಬಡಾವಣೆಗೇ ಸಹಿ ಹಾಕ್ತೀನಿ. ಮತ್ತೆ ಸೊಲ್ಲೆತ್ತಲ್ಲ." ಇಷ್ಟು ವರ್ಷ ಕಾದ ಮೇಲೆ ಸಿಕ್ಕ ಮನೆ ಅವಳ ಒಂದು ಮಾತಿಗೆ ನಿಂತಿದೆ ಅನ್ನುವುದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಭಾನುವಾರ ಮೂರು ಗಂಟೆಗೆ ಐದು ನಿಮಿಷ ಇರುವಾಗಲೇ ಮೂವರೂ ಟೀಚರ ಬಾಗಿಲಲ್ಲಿದ್ದರು. ಅಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತದ್ದೇ, ಹೊರಗೆ ಸೈಕಲ್ ಒರೆಸುತ್ತಿದ್ದವನನ್ನು "ಎಷ್ಟು ಮಕ್ಕಳಪ್ಪಾ ನಿನಗೆ?" ಅಂತ ವಿಚಾರಿಸಿದಳು. ಅವನು ಒರೆಸುವುದು ಬಿಟ್ಟು ಕಿಟಕಿಯ ಹತ್ತಿರ ಬಂದು ಒಬ್ಬೊಬ್ಬರದೇ ವರದಿ ಒಪ್ಪಿಸತೊಡಗಿದ. ಅಮ್ಮನ ವೋಟು ಬಿದ್ದಂತೆಯೇ ಅಂತ ಟೇಪಣ್ಣ ಒಳಗೊಳಗೇ ಹಿಗ್ಗಿದ.

ಹೆಂಡತಿ ಮಾತ್ರ ಬಿಗಿದುಕೊಂಡೇ ಇದ್ದಳು. ಅಡುಗೆಮನೆಯ ಕಟ್ಟೆ ತಟ್ಟಿ ನೋಡಿದಳು, ನಲ್ಲಿ ತಿರುಗಿಸಿದಳು, "ಕತ್ತಲೆ" ಅಂದಳು. ಮಧ್ಯದ ಕೋಣೆಗೆ ಬಂದು "ಇಕ್ಕಟ್ಟು" ಅಂದಳು. ಟೇಪಣ್ಣ ಮಂಡಿ ಹಿಡಿದುಕೊಂಡು ಅಲ್ಲೇ ನಿಂತ. ಮಂಡಿ ಹಿಡಿದದ್ದು ಕಾಣಿಸಬಾರದು ಅಂತ ಕಿಟಕಿಯ ಚೌಕಟ್ಟು ಅಳೆಯುವ ನಾಟಕ ಮಾಡಿದ.

"ಮೇಲೆ ಇನ್ನೊಂದಿದೆ. ಚಿಕ್ಕದು, ಟೀಚರು ಪುಸ್ತಕ ಇಡ್ತಿದ್ರು. ನೀನೇ ನೋಡ್ಕೊಂಡು ಬಾ."

ಅವಳು ಹತ್ತಿ ಹೋದಳು. ಹೆಜ್ಜೆಯ ಸದ್ದು ತಿರುವು ದಾಟಿತು, ತಲೆಯ ಮೇಲೆ ನಾಲ್ಕು ಸಲ ಕೇಳಿಸಿತು, ನಿಂತಿತು. ಹತ್ತು ನಿಮಿಷ ಆಯಿತು. ಕಾಲು ಗಂಟೆ ಆಯಿತು. ಗೋಡೆಯಲ್ಲಿ ಬಿರುಕು ಹುಡುಕುತ್ತಿದ್ದಾಳೆ ಅಂದುಕೊಂಡ. ಒಂದು ಬಿರುಕಿಗೆ ಇಷ್ಟು ಹೊತ್ತು ಬೇಕೇ, ಪಟ್ಟಿಯನ್ನೇ ಮಾಡುತ್ತಿರಬೇಕು! "ಲೇ, ಏನಾಯ್ತೇ?" ಅಂತ ಕೂಗಿದ. ಉತ್ತರವಿಲ್ಲ. ಗಡಿಯಾರ ಮೂರೂ ಮುಕ್ಕಾಲು ತೋರಿಸುತ್ತಿತ್ತು. ಇನ್ನು ಕಾಯುವುದು ಅವನಿಂದ ಆಗಲಿಲ್ಲ. ಒಂದೊಂದು ಮೆಟ್ಟಿಲಿಗೂ ಹಲ್ಲು ಕಚ್ಚಿಕೊಂಡು ಹತ್ತಿದ.

ಮೇಲಿನ ಕೋಣೆಯ ಬಾಗಿಲು ಮುಚ್ಚಿತ್ತು. ತಳ್ಳಿದ, ಬರಲಿಲ್ಲ. ಒಳಗಿನಿಂದ ಚಿಲಕ! ಏನು ಮಾಡಬೇಕೆಂದು ತೋಚದೆ ಬೆರಳಿನಿಂದ ಎರಡು ಸಲ ತಟ್ಟಿದ. ಮದುವೆಯಾದಂದಿನಿಂದ ಅವನು ಹೆಂಡತಿ ಇರುವ ಕೋಣೆಯ ಬಾಗಿಲು ತಟ್ಟಿದ್ದು ಅದೇ ಮೊದಲು.

"ಯಾರು?" ಅಂದಳು ಒಳಗಿನಿಂದ.

"ಯಾರು ಅಂದ್ರೆ? ನಾನು ಕಣೇ!"

"ಏನು ಬೇಕಿತ್ತು?"

ಕ್ಲಿನಿಕ್ಕಿಗೆ ಬಂದವರನ್ನು ಕೇಳುವ ಹಾಗೇ ಕೇಳಿದಳು. ಆದರೆ ದನಿ ಬೇರೆಯಾಗಿತ್ತು. ಕುಣಿಯುವ ಮನಸ್ಸನ್ನು ಯಾರೋ ಕೈಹಿಡಿದು ಕೂರಿಸಿದಂತಿತ್ತು.

"ನಾಲ್ಕು ಗಂಟೆಗೆ ಅವರು ಬರ್ತಾರೆ. ಬೇಡ ಅನ್ನೋದಾದ್ರೆ ಈಗಲೇ ಹೇಳ್ಬಿಡು."

"ರೀ," ಅಂದಳು ಬಾಗಿಲಿನ ಆಚೆಯಿಂದ, "ಇಲ್ಲಿಗೆ ಅತ್ತೆ ಹತ್ತೋಕಾಗಲ್ಲ. ಅಲ್ವಾ?"

"ಆಗಲ್ಲ."

"ಲಾರಿಯವರು ಹತ್ತಲ್ಲ. ಊಟ ಕೆಳಗೆ ತಾನೇ. ನೀವೂ ಹತ್ತಲ್ಲ."

"ಈಗ ಹತ್ತಿದ್ದೀನಲ್ಲೇ!"

"ಇವತ್ತೊಂದು ದಿನ ಹತ್ತಿದ್ರಿ, ನಾಳೆ ಹತ್ತಲ್ಲ ಬಿಡಿ." ಒಳಗೆ ಅವಳು ನಕ್ಕದ್ದು ಕೇಳಿಸಿತು. "ಇಪ್ಪತ್ತೆರಡು ವರ್ಷದಲ್ಲಿ ನಾನೊಬ್ಬಳೇ ಬಾಗಿಲು ಹಾಕ್ಕೊಂಡು ಕೂತಿದ್ದು ಬಚ್ಚಲಲ್ಲಿ ಮಾತ್ರ ರೀ. ಅಲ್ಲೂ ಯಾರಾದ್ರೂ ಇನ್ನೂ ಆಗಿಲ್ವಾ ಅಂತ ಕೇಳೋರು. ಈಗ ಇಲ್ಲಿ ನೆಲದ ಮೇಲೆ ಕೂತಿದ್ದೀನಿ. ಏನೂ ಮಾಡ್ತಿಲ್ಲ. ಒಂದು ಕಿಟಕಿ ಇದೆ, ಅದೂ ಆಕಾಶಕ್ಕೇ ಇದೆ. ಎಷ್ಟು ಚೆನ್ನಾಗಿದೆ ಗೊತ್ತಾ?"

ಟೇಪಣ್ಣನಿಗೆ ನಗು ಬಂತು, ಅದರ ಹಿಂದೆಯೇ ನಾಚಿಕೆಯೂ ಆಯಿತು. ಯಾರ ಬೀರು ಎಲ್ಲಿ ಹಿಡಿಸುತ್ತದೆ ಅಂತ ಊರೆಲ್ಲ ಅಳೆದವನು, ಮನೆಯವಳಿಗೆ ಎಷ್ಟು ಜಾಗ ಬೇಕು ಅಂತ ಒಂದು ದಿನವೂ ಕೇಳಿರಲಿಲ್ಲ. ಅವಳು ಅಂತಸ್ತು ಒಂದೇ ಇರಲಿ ಅಂದದ್ದು ಅವನ ಮಂಡಿಗೆ, ಹೊಸಲು ತಗ್ಗಿರಲಿ ಅಂದದ್ದು ಅವನ ಅಮ್ಮನಿಗೆ.

"ಹಾಗಾದ್ರೆ ಸಹಿ ಹಾಕ್ತೀಯಾ?"

"ಹಾಕ್ತೀನಿ, ಹಾಕ್ತೀನಿ! ಎರಡು ಕೈಯಲ್ಲೂ ಹಾಕ್ತೀನಿ. ಹೋಗಿ ಹೂಂ ಅಂದ್ಬಿಡಿ, ಓಡಿ. ಔಷಧಿ ಅಂಗಡಿಯವರು ಬಂದ್ಬಿಟ್ಟಾರು!"

"ನೀನು ಬರಲ್ವಾ?"

"ಇನ್ನರ್ಧ ಗಂಟೆ."

ಅವನು ಇಳಿದ ರಭಸಕ್ಕೆ ಟೀಚರು ಯಾರೋ ಬಿದ್ದರು ಅಂದುಕೊಂಡು ಅಡುಗೆಮನೆಯಿಂದ ಓಡಿ ಬಂದರು. ಟೇಪಣ್ಣ ಕೊನೆಯ ಮೆಟ್ಟಿಲಿನಲ್ಲಿ ಕಂಬಿ ಹಿಡಿದು, ಏದುಸಿರು ಬಿಡುತ್ತಾ, "ಹೂಂ ಟೀಚರಮ್ಮಾ, ಹೂಂ, ನಮ್ಮದು ಹೂಂ!" ಅಂದ. ಅಷ್ಟರಲ್ಲೇ ಹೊರಗೆ ಬೆಲ್ಲಾಯಿತು. ಟೀಚರು ಹೋಗಿ ಬಾಗಿಲು ತೆಗೆದು, ಮನೆ ಕೊಟ್ಟಾಯ್ತು, ಬಂದದ್ದು ಬಂದಿದ್ದೀರಿ ಒಂದು ಲೋಟ ಚಹಾ ಕುಡಿದು ಹೋಗಿ ಅಂತ ಔಷಧಿ ಅಂಗಡಿಯವರನ್ನು ಒಳಗೆ ಕರೆದರು. ಸೈಕಲ್ಲಿನವನು ಕಿಟಕಿಯಿಂದಲೇ, "ಹಾಗಾದ್ರೆ ಅಜ್ಜಿ ನಮ್ಮ ಬೀದಿಗೇನಾ?" ಅಂದ.

ಈ ಗಲಾಟೆಯ ನಡುವೆ ಅಮ್ಮ ಮಗನ ತೋಳು ಹಿಡಿದೆಳೆದಳು.

"ಅಲ್ಲ ಕಣೋ, ಮನೆ ಆಯ್ತು ಸರಿ. ನಿನ್ನ ಹೆಂಡ್ತಿ ಎಲ್ಲೋ? ಕರಿ ಅವಳನ್ನ."

ಟೇಪಣ್ಣ ಒಮ್ಮೆ ಮೆಟ್ಟಿಲಿನ ಕಡೆ ನೋಡಿದ. ಕರೆಯಲಿಲ್ಲ.

"ಅವಳು ಅವಳ ಮನೇಲಿದ್ದಾಳಮ್ಮಾ," ಅಂದ. "ಬರ್ತಾಳೆ, ನಿಧಾನಕ್ಕೆ."