ಆಯಿಯ ಕೊರಳಲ್ಲಿ ಎರಡು ದಾರ

ವಿಭೂತಿಗೆ ವಾಸನೆಯೇ ಇಲ್ಲ ಎನ್ನುವವರು ಇಪ್ಪತ್ತೈದು ವರ್ಷ ಬಟ್ಟೆಯಲ್ಲಿ ಕಟ್ಟಿಟ್ಟ ವಿಭೂತಿಯನ್ನು ಮೂಸಿ ನೋಡಿಲ್ಲ. ಕಳೆದ ಬೇಸಿಗೆಯಲ್ಲಿ ಮಗಳನ್ನು ಒಂದನೆಯ ತರಗತಿಗೆ ಸೇರಿಸಲು ಅವಳ ಜನನ ಪ್ರಮಾಣಪತ್ರ ಹುಡುಕುತ್ತ ಹುಮನಾಬಾದಿನ ನಮ್ಮ ಮನೆಯ ಕಪಾಟಿಗೆ ಕೈ ಹಾಕಿದ್ದೆ. ನಮ್ಮ ಕಪಾಟಿನ ಗುಣವೇ ಹಾಗೆ, ಬೇಕಾದ ಕಾಗದವೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಸಿಗುತ್ತದೆ. ಕೆಳಗಿನ ಖಾನೆಯಲ್ಲಿದ್ದ ಇಳಕಲ್ ಸೀರೆಯ ಮಡಿಕೆ ಬಿಚ್ಚಿದಾಗ ಆ ವಾಸನೆ ಬಂತು. ಸುಟ್ಟ ಬೆರಣಿಯ ಬೂದಿ, ಒಣಗಿದ ಪತ್ರಿ, ಬೆವರು ಕುಡಿದು ಹಳದಿಯಾದ ಅರಿವೆ, ಎಲ್ಲ ಸೇರಿ ಆದ ವಾಸನೆ. ಮಡಿಕೆಯೊಳಗೆ ಬಿಳಿ ಅರಿವೆಯ ಒಂದು ಸಣ್ಣ ಗಂಟು. ಗಂಟಿನೊಳಗೆ ನನ್ನ ಇಷ್ಟಲಿಂಗ, ನಾನು ಹುಟ್ಟಿದ ಕೆಲವೇ ದಿನಕ್ಕೆ ಕೊರಳಿಗೆ ಕಟ್ಟಿದ್ದು. ಪಕ್ಕದಲ್ಲಿ ನಿಂತಿದ್ದ ಮಗಳು ಸಾನ್ವಿ, "ಇದು ಯಾರದು ಮಮ್ಮಿ?" ಎಂದಳು. "ಆಯಿದು," ಎಂದೆ. ಅದು ಪೂರ್ತಿ ಸುಳ್ಳೂ ಅಲ್ಲ.

ಆಯಿ ಎಂದರೆ ನನ್ನ ಅಪ್ಪನ ತಾಯಿ. ಬಸವಕಲ್ಯಾಣದಲ್ಲಿ ಕಿಲ್ಲಾದ ಕಡೆಗೆ ಹೋಗುವ ಗಲ್ಲಿಯೊಳಗೆ ನಮ್ಮದು ಕೆಂಪು ಕಲ್ಲಿನ ಮನೆ. ಈಗ ಅಲ್ಲಿ ಮೂರು ಅಂತಸ್ತಿನ ಕಟ್ಟಡವಿದೆ. ನಮ್ಮ ದೇವರ ಕೋಣೆ ಇದ್ದ ಜಾಗದಲ್ಲಿ ಕೂತು ಮೊಬೈಲುಗಳಿಗೆ ಗಾಜು ಅಂಟಿಸುತ್ತಾರೆ. ಆ ಕೋಣೆಗೆ ಕಿಟಕಿ ಇರಲಿಲ್ಲ. ಬೇಸಿಗೆಯಲ್ಲೂ ನೆಲ ತಣ್ಣಗಿರುತ್ತಿತ್ತು. ಬೆಳಿಗ್ಗೆ ಮಿಂದು ಬಂದು ನಾನು, ಆಯಿ ಒಂದೇ ಚಾಪೆಯ ಮೇಲೆ ಕೂಡುತ್ತಿದ್ದೆವು. ಅವಳ ಎಡ ಅಂಗೈ ಮೇಲೆ ಅವಳ ಲಿಂಗ, ನನ್ನ ಅಂಗೈ ಮೇಲೆ ನನ್ನ ಲಿಂಗ. ಅವಳು ನೀರು ಹನಿಸಿದರೆ ನಾನೂ ಹನಿಸಬೇಕು, ಅವಳು ಪತ್ರಿ ಏರಿಸಿದರೆ ನಾನೂ ಏರಿಸಬೇಕು. ನನ್ನ ಕಣ್ಣು ಎಡೆಗಿಟ್ಟ ಬಾಳೆಹಣ್ಣಿನ ಮೇಲೆ. "ಅತ್ತಾಗ ಏನ್ ನೋಡ್ತಿ, ಕೈಯಾಗ ನೋಡು. ಹಣ್ಣೇನ್ ಓಡಿ ಹೋಗಲ್ಲ," ಎಂದು ಮೊಣಕಾಲಿಗೆ ತಿವಿಯುತ್ತಿದ್ದಳು. ಬಜಾರಿನಲ್ಲಿ ಕಾಯಿಪಲ್ಲೆಯವಳೊಂದಿಗೆ ದಖ್ಖನಿಯಲ್ಲಿ ಜಗಳಾಡಿ ಕೊತ್ತಂಬರಿ ಹೆಚ್ಚಿಗೆ ಹಾಕಿಸಿಕೊಳ್ಳುತ್ತಿದ್ದ ಆಯಿ, ಈ ಒಂದು ವಿಷಯದಲ್ಲಿ ಮಾತ್ರ ಚೌಕಾಶಿ ಮಾಡುತ್ತಿರಲಿಲ್ಲ. ಲಿಂಗ ಮೈ ಬಿಟ್ಟು ಇರಕೂಡದು. ಜ್ವರ ಬಂದರೂ ಸರಿ, ಸ್ನಾನದಲ್ಲೂ ಸರಿ. ಅದು ಮೈ ಬಿಟ್ಟರೆ ಪ್ರಾಣ ಬಿಟ್ಟಂತೆ ಎನ್ನುವುದು ಅವಳ ಮಾತು.

ಅಪ್ಪನದು ಬಟ್ಟೆ ಅಂಗಡಿ. ಇಂಗ್ಲಿಷಿನಲ್ಲಿ ಬರುವ ಪತ್ರಗಳನ್ನು ಓದಿಸಿಕೊಳ್ಳಲು ಅವರಿವರ ಮುಂದೆ ನಿಂತು ಸಾಕಾಗಿತ್ತು ಅವನಿಗೆ. ನನಗೆ ಆರು ತುಂಬುವ ಹೊತ್ತಿಗೆ ಮನೆಯಲ್ಲಿ ಶಾಲೆಯದೇ ಮಾತು. ಆಯಿಗೆ ಮಠದ ಶಾಲೆ ಆಗಬೇಕು, ಅವ್ವನಿಗೆ ಮನೆ ಹಿಂದಿನ ಸರ್ಕಾರಿ ಶಾಲೆ ಆದರೂ ಸಾಕು, ಕೂಗಿದರೆ ಕೇಳಿಸುತ್ತದೆ. ಅಷ್ಟರಲ್ಲಿ ಅಪ್ಪ ವ್ಯಾಪಾರಕ್ಕೆಂದು ಹುಮನಾಬಾದಿಗೆ ಹೋದವನು ಸಿಸ್ಟರುಗಳು ನಡೆಸುವ ಕಾನ್ವೆಂಟನ್ನು ನೋಡಿ ಬಂದ. ಬೂಟು ಹಾಕಿದ ಮಕ್ಕಳು ಸಾಲಿನಲ್ಲಿ ನಡೆಯುವುದನ್ನು, ಬಿಳಿ ಉಡುಪಿನ ಸಿಸ್ಟರೊಬ್ಬರು ತನಗೆ ಕೈಮುಗಿದು ಕುರ್ಚಿ ಕೊಟ್ಟದ್ದನ್ನು ವಾರವಿಡೀ ಹೇಳಿದ. ಆಯಿ ರಂಪ ಮಾಡುತ್ತಾಳೆ ಎಂದು ಎಲ್ಲರೂ ಕಾಯುತ್ತಿದ್ದರು. ಅವಳು ಜೋಳ ಕೇರುತ್ತಿದ್ದ ಮೊರ ಕೆಳಗಿಟ್ಟು, "ಅವರೂ ದೇವರ ಹೆಸರು ತಗೊಳ್ಳೋರೇ ಅದಾರಲ್ಲ. ಕಲಸ್ಲಿ ಬಿಡು," ಎಂದಳು.

ಸಮಸ್ಯೆ ಬಂದದ್ದು ಶಾಲೆಯವರು ಕೊಟ್ಟ ನಿಯಮದ ಹಾಳೆಯಿಂದ. ಸಮವಸ್ತ್ರ, ಬೂಟು, ಉಗುರು ಎಲ್ಲ ಆದ ಮೇಲೆ ಕೊನೆಗೊಂದು ಸಾಲು: ಹುಡುಗಿಯರು ಕೊರಳಿಗೆ, ಕಿವಿಗೆ, ಕೈಗೆ ಆಭರಣ ಹಾಕಿಕೊಂಡು ಬರುವಂತಿಲ್ಲ. ಅಪ್ಪ ಅದನ್ನು ಎರಡು ಸಲ ಓದಿ ನನ್ನ ಕೊರಳು ನೋಡಿದ.

"ಲಿಂಗ ಅಂದ್ರ ದಾಗೀನೇನೋ?" ಎಂದಳು ಆಯಿ.

"ನನಗ ಗೊತ್ತದ ಯವ್ವಾ. ಅವರಿಗೆ ಗೊತ್ತಿರಬೇಕಲ್ಲ."

"ಒಂದ್ ಮಾತು ಕೇಳಿ ನೋಡ್ರಿ," ಎಂದಳು ಅವ್ವ.

"ಕೇಳಿದ್ರ ಬ್ಯಾಡ ಅಂದ್ರ? ಸೀಟೇ ಹೋಗ್ತದ. ಕೇಳೋದೇ ಬ್ಯಾಡ."

ಯಾರೂ ಕೇಳಲಿಲ್ಲ. ಆ ಒಂದು ಮಾತು ಕೇಳಲು ಅಪ್ಪ ಹೆದರಿದ, ಅದರಿಂದ ಏನೇನಾಯಿತು ನೋಡಿ. ಶಾಲೆ ಶುರುವಾಗುವ ದಿನ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಆಯಿ ನನ್ನ ಲಿಂಗವನ್ನು ನನ್ನ ಕೊರಳಿಗೆ ಹಾಕಲಿಲ್ಲ, ತನ್ನ ಕೊರಳಿಗೆ ಹಾಕಿಕೊಂಡಳು. "ಗ್ವಾಡ್ಯಾಗಿನ ಮಾಡಿನಾಗ ಇಡಂಗಿಲ್ಲ. ಅದೇನ್ ಸಾಮಾನಲ್ಲ. ನೀ ಬರೋತನಕ ನನ್ನ ಕೊಳ್ಳಾಗ ಇರ್ತದ," ಎಂದಳು. ಅವಳ ಬಾಡಿದ ಕೊರಳಲ್ಲಿ ಎರಡು ದಾರ, ಒಂದು ಹಳೆಯದು, ಒಂದು ಹೊಸದು. ಏಳು ಗಂಟೆಗೆ ಜೀಪು ಬರುತ್ತಿತ್ತು. ಎಂಟು ಮಕ್ಕಳನ್ನು ತುಂಬಿಕೊಂಡು, ತೊಗರಿ ಹೊಲಗಳ ನಡುವಿನ ದಾರಿಯಲ್ಲಿ ಧೂಳೆಬ್ಬಿಸಿ ಹುಮನಾಬಾದಿಗೆ ಹೋಗುವ ಜೀಪು. ಸಂಜೆ ನಾಲ್ಕೂವರೆಗೆ ತಿರುಗಿ ಗಲ್ಲಿಯ ಬಾಯಿಗೆ ಬಂದಾಗ ಆಯಿ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಕೈಕಾಲು ತೊಳೆಸಿ, ಲಿಂಗವನ್ನು ನನ್ನ ಕೊರಳಿಗೆ ಹಾಕಿ, ಆಮೇಲೆ ಇಬ್ಬರಿಗೂ ತಾಟು ಹಚ್ಚುತ್ತಿದ್ದಳು. ರೊಟ್ಟಿ, ಪುಂಡಿಪಲ್ಯ, ಶೇಂಗಾದ ಹಿಂಡಿ. ಅವಳು ಗಬಗಬನೆ ಉಣ್ಣುತ್ತಿದ್ದಳು. ನನ್ನ ಜೊತೆ ಕೂತರೆ ಆಯಿಗೆ ರುಚಿ ಹೆಚ್ಚು ಎಂದು ನಾನು ತಿಳಿದಿದ್ದೆ.

ಶಾಲೆಯಲ್ಲಿ ನನ್ನ ಬೆಂಚಿನಲ್ಲಿ ದುಬಲಗುಂಡಿಯ ನೀಲಮ್ಮ ಕೂಡುತ್ತಿದ್ದಳು. ಶಾಲೆ ಸೇರಿ ಒಂದು ತಿಂಗಳಾಗಿರಬಹುದು. ಖೋ ಖೋ ಆಡುವಾಗ ಅವಳ ಕೊರಳಿನಿಂದ ಏನೋ ಜಾರಿ ಅಂಗಿಯ ಮೇಲೆ ಬಂತು. ನೋಡಿದರೆ ಲಿಂಗ, ದಾರ ಹರಿದಿತ್ತು. ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಳತೊಡಗಿದಳು. ನಮ್ಮ ಕ್ಲಾಸಿನ ಸಿಸ್ಟರ್ ಆಗ್ನೆಸ್ ಓಡಿ ಬಂದರು. ಇವಳಿಗೆ ಇನ್ನು ಗೇಟಿನ ಹೊರಗೇ ಗತಿ ಎಂದುಕೊಂಡೆ. ಸಿಸ್ಟರ್ ತಮ್ಮ ಹೊಲಿಗೆ ಡಬ್ಬಿಯಿಂದ ಗಟ್ಟಿ ಬಿಳಿ ದಾರ ತಂದು, ಮೂರೆಳೆ ಹೊಸೆದು, ಪೋಣಿಸಿ ಅವಳ ಕೊರಳಿಗೆ ತಾವೇ ಕಟ್ಟಿದರು. ಅವರು ಮಂಗಳೂರ ಕಡೆಯವರು, ಪುಸ್ತಕದ ಹಾಗೆ ಮಾತಾಡುತ್ತಿದ್ದರು. "ಜೋಪಾನ ಮಗಳೇ, ಇದು ನೆಲಕ್ಕೆ ಬೀಳಬಾರದು," ಎಂದರು. ಆಮೇಲೆ ನನ್ನತ್ತ ತಿರುಗಿ, "ನಿಮ್ಮ ಮನೆಯಲ್ಲೂ ಹಾಕುತ್ತೀರಲ್ಲ, ನಿನ್ನದು ಎಲ್ಲಿ?" ಎಂದು ಕೇಳಿದರು.

"ನಮ್ಮನ್ಯಾಗ ಹಾಕಲ್ರಿ," ಎಂದೆ.

ಯಾಕೆ ಹಾಗೆಂದೆ? ಇಷ್ಟು ವರ್ಷ ಈ ಪ್ರಶ್ನೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ್ದೇನೆ. ನಿಜ ಹೇಳುತ್ತೇನೆ. ಆ ಒಂದು ತಿಂಗಳಲ್ಲಿ ಬರಿಗೊರಳು ನನಗೆ ಹಿತವಾಗಿಬಿಟ್ಟಿತ್ತು. ಓಡುವಾಗ ಎದೆಗೆ ಬಡಿಯುವುದಿಲ್ಲ. ಮುಂದಿನ ಬೆಂಚಿನ ಬ್ಯಾಂಕ್ ಸಾಹೇಬರ ಮಗಳ ಕೊರಳು ಪೌಡರ್ ಹಚ್ಚಿಕೊಂಡು ನುಣ್ಣಗಿತ್ತು, ನನ್ನದೂ ಹಾಗೇ ಇತ್ತು. ಅಷ್ಟೇ. ಮನೆಗೆ ಹೋಗಿ, ಶಾಲೆಯಲ್ಲಿ ಲಿಂಗಕ್ಕೆ ಯಾರೂ ಏನೂ ಅನ್ನುವುದಿಲ್ಲ ಎಂದು ಹೇಳಿದ್ದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ದೀಪಾವಳಿಯ ಹೊತ್ತಿಗೆ ಒಂದು ಸಂಜೆ ನಾನು ಊಟ ಬೇಡವೆಂದು ಹಟ ಮಾಡಿದಾಗ ಅವ್ವ ಸಿಟ್ಟಿಗೆದ್ದಳು. "ಮುಂಜಾನಿ ನೀ ಹೋದಾಗಿಂದ ಆಯಿ ನೀರು ಬಿಟ್ಟು ಬಾಯಾಗ ಏನೂ ಹಾಕ್ಕೊಂಡಿಲ್ಲ. ನೀ ಉಂಡ್ರೇನೇ ಆಕಿ ಉಣ್ಣೋದು," ಎಂದಳು. ಆಯಿ ಅವಳನ್ನು ಸುಮ್ಮನಿರಿಸಿದಳು. "ಇನ್ನೊಬ್ಬರ ಪ್ರಾಣ ಕೊಳ್ಳಾಗ ಇಟ್ಕೊಂಡು ಉಣ್ಣಂದ್ರ ಹ್ಯಾಂಗ ಉಣ್ಲಿ? ಇಳಿಯಂಗಿಲ್ಲ ನನಗ," ಎಂದು ನಕ್ಕಳು. ಅಂದು ನಾನು ಎರಡು ರೊಟ್ಟಿ ತಿಂದೆ. ಆದರೆ ಹೇಳಬೇಕಾದದ್ದನ್ನು ಅಂದೂ ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ, ನಾಳೆ ಎನ್ನುವುದು ಒಂದನೆಯ ತರಗತಿಯಿಂದ ನಾಲ್ಕನೆಯ ತರಗತಿಗೆ ಬಂತು. ಆರು ವರ್ಷದ ಕೂಸಿಗೆ ಏನು ತಿಳಿಯುತ್ತದೆ ಎಂದು ನೀವು ನನ್ನ ಪರ ವಾದಿಸಬಹುದು. ಆರು ವರ್ಷದವಳಿಗೆ ತಿಳಿಯಲಿಲ್ಲ, ಸರಿ. ಒಂಬತ್ತು ವರ್ಷದವಳಿಗೆ ಚೆನ್ನಾಗಿ ತಿಳಿದಿತ್ತು.

ನಾಲ್ಕನೆಯ ತರಗತಿಯಲ್ಲಿದ್ದಾಗ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಆಯಿ ತಾನೂ ಬರುತ್ತೇನೆಂದು ಹೊರಟಳು. ಇಳಕಲ್ ಸೀರೆ ಉಟ್ಟು, ಎರಡು ದಾರಗಳ ಮೇಲೆ ಸೆರಗು ಹೊದ್ದು, ಬುತ್ತಿ ಕಟ್ಟಿಕೊಂಡು ಬಂದಳು. ನನ್ನ ಕುಣಿತ ಮುಗಿದ ಮೇಲೆ ಮೈದಾನದ ಬೇವಿನ ಗಿಡದ ಕೆಳಗೆ ಕೂತು ನೀಲಮ್ಮನನ್ನೂ ಕರೆದಳು. ನೀಲಮ್ಮ ಬಗ್ಗಿ ಕಾಲುಮುಟ್ಟಿ ನಮಸ್ಕರಿಸಿದಾಗ ಅವಳ ಕೊರಳ ದಾರ ಇಳಿಬಿತ್ತು. ಆಯಿ ಅದನ್ನು ಬೆರಳಲ್ಲಿ ಹಿಡಿದು ನೋಡಿದಳು.

"ಇದು ಹಾಕ್ಕೊಂಡ್ ಬಂದ್ರ ಇಲ್ಲಿ ಏನೂ ಅನ್ನಂಗಿಲ್ಲೇನು ಬೇಟಾ?"

"ಯಾರ್ ಏನ್ ಅಂತಾರ ಆಯಿ? ಒಂದನೇತ್ತಾಗ ದಾರ ಹರದಾಗ ಸಿಸ್ಟರೇ ಕಟ್ಟಿದ್ರಲ್ಲ. ಇಕಿ ಅಲ್ಲೇ ಇದ್ದಳು," ಎಂದು ನೀಲಮ್ಮ ನನ್ನನ್ನು ತೋರಿಸಿದಳು.

ಆಯಿ ನನ್ನ ಕಡೆ ನೋಡಿದಳು. ಬೈದಿದ್ದರೆ, ಎರಡೇಟು ಹಾಕಿದ್ದರೆ ಇವತ್ತು ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಅವಳು ಬುತ್ತಿ ಬಿಚ್ಚಿ ನೀಲಮ್ಮನಿಗೆ ಹೋಳಿಗೆ ಕೊಟ್ಟಳು, ನನಗೂ ಕೊಟ್ಟಳು. ಊರಿಗೆ ತಿರುಗಿ ಬರುವ ಬಸ್ಸಿನಲ್ಲಿ, "ಕಿಟಕಿ ಕಡೆ ಕೂಡವ್ವಾ, ಗಾಳಿ ಬರ್ತದ," ಎಂದಳು.

ಮರುದಿನ ಪೂಜೆಯಾದ ಮೇಲೆ ಆಯಿ ನನ್ನ ಲಿಂಗವನ್ನು ಮುಟ್ಟಲಿಲ್ಲ. ಅದು ನನ್ನ ಅಂಗೈ ಮೇಲೇ ಇತ್ತು. "ಬೇಕಂದ್ರ ಹಾಕ್ಕೊಂಡ್ ಹೋಗು. ಬ್ಯಾಡಂದ್ರ ಕೊಡು. ನಿನ್ನ ಮ್ಯಾಲ ಬಿಟ್ಟೀನಿ," ಎಂದಳು. ಗಲ್ಲಿಯ ಬಾಯಲ್ಲಿ ಜೀಪಿನ ಹಾರ್ನು ಕೇಳಿಸಿತು. ಇಷ್ಟು ದಿನ ನಮ್ಮನೆಯಲ್ಲಿ ಹಾಕುವುದಿಲ್ಲ ಎಂದವಳು ಇವತ್ತು ಹಾಕಿಕೊಂಡು ಹೋದರೆ ಸಿಸ್ಟರ್ ಏನೆಂದುಕೊಂಡಾರು ಎಂದು ಹೆದರಿದೆ. ಮುಚ್ಚಿಟ್ಟ ಒಂದು ಸುಳ್ಳಿಗಾಗಿ ಕೈ ಮುಂದೆ ಮಾಡಿ ಲಿಂಗವನ್ನು ಅವಳಿಗೆ ಕೊಟ್ಟೆ. ಆಯಿ ಕೊರಳು ಬಗ್ಗಿಸಿದಳು. ಹಾಕಿದವಳು ನಾನೇ. ಸಂಜೆ ಬಂದಾಗ ಕಟ್ಟೆಯ ಮೇಲೆ ಎಂದಿನಂತೆ ಕೂತಿದ್ದಳು. ಅಂದೂ ಉಂಡಿರಲಿಲ್ಲ.

ಮುಂದಿನ ವರ್ಷ ಮಳೆಗಾಲದಲ್ಲಿ, ನಾನು ಶಾಲೆಯಲ್ಲಿದ್ದಾಗಲೇ ಆಯಿ ಹೋದಳು. ಮಧ್ಯಾಹ್ನ ಹೊರಸಿನ ಮೇಲೆ ಒರಗಿದವಳು ಏಳಲಿಲ್ಲವಂತೆ. ಹೃದಯ ನಿಂತಿತು ಎಂದರು ಡಾಕ್ಟರು. ಹಸಿವಿನ ಮಾತನ್ನು ಯಾರೂ ಎತ್ತಲಿಲ್ಲ. ನನ್ನೊಳಗೆ ಮಾತ್ರ ಅದು ಇಂದಿಗೂ ಎದ್ದು ಕೂಡುತ್ತದೆ. ಮಣ್ಣು ಮಾಡುವ ಮೊದಲು ಮಠದ ಅಯ್ಯನವರು ಅವಳ ಲಿಂಗವನ್ನು ಬಿಚ್ಚಿ ಅವಳ ಎಡಗೈಯಲ್ಲಿ ಇಟ್ಟರು. ಇನ್ನೊಂದು ದಾರ ಹಿಡಿದು, "ಇದು ಯಾರದ್ರೀ?" ಎಂದರು. ಎಲ್ಲರ ಮುಂದೆ ಅಪ್ಪ ನನ್ನನ್ನು ಹತ್ತಿರ ಕರೆದು ಅದನ್ನು ನನ್ನ ಕೊರಳಿಗೆ ಹಾಕಿದ. ಅದಿನ್ನೂ ಬೆಚ್ಚಗಿದೆ ಎಂದು ನನಗನ್ನಿಸಿತು. ಕೆಲವು ದಿನ ಹಾಕಿಕೊಂಡೆ. ಆಮೇಲೆ ಅವಳ ಸೀರೆಯಲ್ಲೇ ಸುತ್ತಿಟ್ಟುಬಿಟ್ಟೆ.

ಸಾನ್ವಿಗೆ ಶಾಲೆ ಆರಿಸುವಾಗ ನನ್ನ ಗಂಡ ಹೈವೇ ಬದಿಯ ಹೊಸ ಶಾಲೆಯ ಬಣ್ಣದ ಪುಸ್ತಕ ತಂದಿದ್ದರು. ಈಜುಕೊಳದ ಚಿತ್ರವೂ ಇತ್ತು. ನಾನು ನನ್ನ ಹಳೆಯ ಕಾನ್ವೆಂಟೇ ಆಗಬೇಕೆಂದು ಹಟ ಹಿಡಿದೆ. ಶಿಸ್ತು ಚೆನ್ನಾಗಿದೆ ಎಂದು ಅವರಿಗೆ ಕಾರಣ ಕೊಟ್ಟೆ. ಆ ಶಾಲೆ ನನಗೆ ಯಾವ ಕೇಡನ್ನೂ ಮಾಡಿರಲಿಲ್ಲ, ಲಿಂಗದ ದಾರ ಹೊಸೆದ ಆ ಕೈಗಳು ನನಗಿನ್ನೂ ಕಾಣುತ್ತವೆ ಎಂದು ಹೇಗೆ ಹೇಳಲಿ? ಸಿಸ್ಟರ್ ಆಗ್ನೆಸ್ ಈಗ ಅಲ್ಲಿಲ್ಲ. ನಿಯಮದ ಹಾಳೆ ಕೊಟ್ಟ ಎಳೆಯ ಸಿಸ್ಟರಿಗೆ ನಾನು ಬೇಕೆಂದೇ ಕೇಳಿದೆ, ಲಿಂಗ ಹಾಕಿಕೊಂಡು ಬರಬಹುದಾ ಎಂದು. "ಅದಕ್ಕೇನು, ಧಾರಾಳವಾಗಿ," ಎಂದು ಸಾನ್ವಿಯ ಕೊರಳ ಕಡೆ ನೋಡಿದರು. ಅಪ್ಪ ಕೇಳಲು ಹೆದರಿದ ಪ್ರಶ್ನೆಗೆ ಉತ್ತರ ಅರ್ಧ ನಿಮಿಷದಲ್ಲಿ ಸಿಕ್ಕಿತು. ಆದರೆ ಸಾನ್ವಿಯ ಕೊರಳು ಬರಿದಾಗಿತ್ತು. ಹುಟ್ಟಿದಾಗ ಅವಳಿಗೂ ಕಟ್ಟಿದ್ದೆವು. ಅದು ನಿರ್ಣಾದಲ್ಲಿ ಅತ್ತೆಯ ಮನೆಯ ದೇವರ ಕೋಣೆಯಲ್ಲಿ ಮೊಳೆಗೆ ತೂಗುತ್ತಿದೆ.

ಜೂನಿನಲ್ಲಿ ಸಾನ್ವಿ ಶಾಲೆಗೆ ಹೋದ ಮೊದಲ ದಿನ, ಮನೆಯಲ್ಲಿ ಯಾರೂ ಇಲ್ಲದಾಗ ಆ ಗಂಟು ಬಿಚ್ಚಿದೆ. ಹಳೆಯ ದಾರ ಮುಟ್ಟಿದರೆ ಪುಡಿಯಾಯಿತು. ಹೊಸ ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡೆ. ಮಗಳು ಬರುವ ತನಕ ಇವತ್ತೊಂದು ದಿನ ಉಣ್ಣುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಹನ್ನೆರಡಾಯಿತು, ಒಂದಾಯಿತು. ಪಕ್ಕದ ಮನೆಯಿಂದ ಒಗ್ಗರಣೆಯ ವಾಸನೆ ಬಂತು. ತಲೆ ಸಿಡಿಯತೊಡಗಿತು. ಎರಡೂವರೆಗೆ ಅಡುಗೆಮನೆಯಲ್ಲಿ ನಿಂತೇ ತಣ್ಣಗಿನ ರೊಟ್ಟಿಗೆ ಹಿಂಡಿ ಹಚ್ಚಿಕೊಂಡು ತಿಂದುಬಿಟ್ಟೆ. ಆಯಿ ನಾಲ್ಕು ವರ್ಷಕ್ಕೂ ಮಿಗಿಲಾಗಿ ಮಾಡಿದ್ದನ್ನು ನಾನು ಒಂದು ದಿನ ಮಾಡಲಾರದೆ ಹೋದೆ. ತಾಟು ತೊಳೆಯುತ್ತ ಅತ್ತುಬಿಟ್ಟೆ.

ನಾಲ್ಕಕ್ಕೆ ಸಾನ್ವಿ ಬಂದಳು. ಚೀಲ ಇಳಿಸುತ್ತ ನನ್ನ ಕೊರಳು ನೋಡಿ, "ಆಯಿದು ನೀ ಯಾಕ ಹಾಕ್ಕೊಂಡಿ ಮಮ್ಮಿ?" ಎಂದಳು.

"ಆಯಿದಲ್ಲ ಬೇಟಾ, ಇದು ನಂದ," ಎಂದೆ. "ಆಯಿ ಕೊಳ್ಳಾಗ ಇತ್ತು. ಸಾಲ್ಯಾಗ ಯಾರೂ ಏನೂ ಅನ್ನಂಗಿಲ್ಲ ಅಂತ ನಾ ಆಕಿಗೆ ಹೇಳಲೇ ಇಲ್ಲ."

ಅವಳಿಗೆ ಅರ್ಥವಾಗಲಿಲ್ಲ. ಬೂಟು ಬಿಚ್ಚಲು ಕೂತಳು. ಮೂವತ್ತು ವರ್ಷದ ಹಿಂದೆ ಆ ಕಟ್ಟೆಯ ಮೇಲೆ ಹೇಳಬೇಕಾಗಿದ್ದ ಮಾತನ್ನು ಕೊನೆಗೂ ಹೇಳಿದ್ದೆ. ಕೇಳಬೇಕಾದವಳು ಇರಲಿಲ್ಲ.