ಡೆಲ್ಫಿನಾ ಕೊಡವುವ ಬೂಟು

ಟೂಸಾನ್ ಪೇಟೆಯಿಂದ ಇಪ್ಪತ್ತು ಮೈಲಿ ಆಚೆಯ ಆ ಮರಳುಗಾಡಿನ ಬಡಾವಣೆಗೆ ಹೊಸದಾಗಿ ಬಂದ ಯಾರಿಗೂ ಡೆಲ್ಫಿನಾಳ ಬೈಗುಳ ತಪ್ಪಿದ್ದಲ್ಲ. ಅಂಗಳದಲ್ಲಿ ಹುಲ್ಲು ಬೆಳೆಸಿದವನಿಗೆ, "ಕಳ್ಳಿಗೇ ಇಲ್ಲದ ನೀರು ನಿನ್ ಹುಲ್ಲಿಗ್ಯಾಕಪ್ಪಾ?" ಎನ್ನುತ್ತಾಳೆ, ಬೇಲಿ ನುಗ್ಗಿದ ಕಾಡುಹಂದಿಗಳನ್ನು ಪೊರಕೆ ಹಿಡಿದು, ಒಂದೊಂದಕ್ಕೂ ಹೆಸರಿಟ್ಟು ಬೈಯುತ್ತಾಳೆ. ಒಳಗೆ ಚೇಳಿದ್ದೀತೆಂಬ ಎಚ್ಚರವಿಲ್ಲದೆ ಬೂಟು ಕೊಡವದೆ ಹಾಕಿಕೊಳ್ಳುವವರನ್ನು ಕಂಡರಂತೂ ಅವಳಿಗೆ ಮೈಯೆಲ್ಲ ಉರಿ. ದಿನಾ ಬೆಳಿಗ್ಗೆ ಮೊದಲು ತನ್ನ ಬೂಟು, ಆಮೇಲೆ ಬಾಗಿಲ ಬಳಿಯ ಗಂಡಸಿನ ದೊಡ್ಡ ಬೂಟು, ಎರಡನ್ನೂ ಕಂಬಕ್ಕೆ ಬಡಿದು ಕೊಡವುತ್ತಾಳೆ. "ನಿನ್ ಗಂಡ ಪೇಟೇನೇ ಬೇಕು ಅಂತ ಬಿಟ್ಟುಹೋಗಿ ಹನ್ನೊಂದು ವರ್ಷ ಆಯ್ತಲ್ಲೇ," ಎಂದಳು ಒಂದು ದಿನ ಪಕ್ಕದ ಮನೆಯ ರೋಸಾಲ್ವಾ. ಡೆಲ್ಫಿನಾ ದೊಡ್ಡ ಬೂಟನ್ನು ಇನ್ನೊಮ್ಮೆ ಬಡಿದಳು. "ಬಂದವನೇ ನೋಡ್ದೆ ಕಾಲಿಡ್ತಾನೆ ಕಣೇ. ಮೊದಲಿಂದ್ಲೂ ಹಾಗೇ ಅವನು."