ಹೂಳದೆ ಬಿಟ್ಟ ಅಂಚು

ಆ ಗುಡ್ಡದ ಸೈಟಿನಲ್ಲಿ ಆಕೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಕಾಲುವೆಯಕ್ಕ ಎಂದೇ. ಹರೆಯದಲ್ಲಿ ಬುಟ್ಟಿ ಹೊತ್ತು ಮಣ್ಣಿನ ಕೆಲಸಕ್ಕೆ ಬಂದವಳು. ಈಗ ಅರ್ಧ ತಲೆ ನರೆತಿದೆ; ಮಳೆನೀರು ಎಲ್ಲಿ ಹರಿಯಬೇಕು, ಅಗೆದ ಮಣ್ಣು ಎಲ್ಲಿ ನಿಲ್ಲಬೇಕು ಎಂದು ನೋಡಿಕೊಳ್ಳುವ ಹೊಣೆ ಆಕೆಯದು. ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಕಾಲುವೆಯಲ್ಲಿ ಯಾರಾದರೂ ಖಾಲಿ ಸಿಮೆಂಟ್ ಚೀಲ ಬಿಸಾಕಿದರೆ ಅವರ ವಂಶವನ್ನೆಲ್ಲ ಒಮ್ಮೆ ವಿಚಾರಿಸಿಕೊಂಡೇ ಮುಂದಿನ ಕೆಲಸ. ಆದರೂ ಆಕೆ ಇದ್ದ ಸೈಟಿನಲ್ಲಿ ಮಣ್ಣು ಕುಸಿದದ್ದೇ ಇಲ್ಲ ಎಂಬ ಹೆಸರಿತ್ತು. ಆ ಹೆಸರು ತಲೆಗೂ ಏರಿತ್ತು. ಹೀಗೆಂದರೆ ಆಕೆ ನನ್ನ ಮೇಲೂ ಹರಿಹಾಯ್ದಾಳು, ಆದರೆ ಹೇಳದೆ ವಿಧಿಯಿಲ್ಲ.

ಗುಡ್ಡದ ಬುಡದ ಓಣಿಯಲ್ಲಿ ಮೊದಲ ಮನೆ ಆಕೆಯ ತಂಗಿಯದು. ಮುಂದಿನ ಕೋಣೆಯಲ್ಲಿ ತಂಗಿಯ ಹೊಲಿಗೆ ಯಂತ್ರ, ಒಳಕೋಣೆಯಲ್ಲಿ ಕಾಲು ಸ್ವಾಧೀನವಿಲ್ಲದೆ ಮಂಚ ಹಿಡಿದ ಮಾವ. ಗುಡ್ಡ ಅಗೆಯತೊಡಗಿದಾಗ ತಂಗಿ ಹೆದರಿದ್ದಳು. ಮೇಲೆ ನಾನಿರುವಾಗ ನಿನಗೇನು ಚಿಂತೆ ಎಂದು ಅಕ್ಕ ಗದರಿ ಬಾಯಿ ಮುಚ್ಚಿಸಿದ್ದಳು.

ಓಣಿಗೂ ಸೈಟಿಗೂ ನಡುವೆ ಒಂದು ದೊಡ್ಡ ಹೊಂಡ, ಅದಕ್ಕೆ ಓಣಿಯ ಕಡೆ ಮಣ್ಣಿನ ಬದು. ಹೊಂಡದ ಮೇಲ್ಗಡೆ ಗೂಟ ನೆಟ್ಟು ಉದ್ದಕ್ಕೂ ಕಟ್ಟಿದ ಕಪ್ಪು ಬಟ್ಟೆ. ಹರಿದು ಬಂದ ಕೆಸರು ಬಟ್ಟೆಯ ಆಚೆಗೇ ನಿಂತು, ನೀರಷ್ಟೇ ಸೋಸಿ ಹೊಂಡಕ್ಕೆ ಇಳಿಯಬೇಕು. ಅದಕ್ಕೆ ಬಟ್ಟೆಯ ಕೆಳಗಿನ ಅಂಚನ್ನು ಮಣ್ಣಲ್ಲಿ ಹೂತಿರಬೇಕು. ಹೂಳದಿದ್ದರೆ ಎಲ್ಲವೂ ಅಡಿಯಿಂದ ನುಗ್ಗುತ್ತದೆ.

ಆ ದೊಡ್ಡ ಮಳೆ ಬಂದದ್ದರ ಹಿಂದಿನ ದಿನ ತಪಾಸಣೆಯ ಅಧಿಕಾರಿ ಬರುವವರಿದ್ದರು. ಬಟ್ಟೆ ಸೊಂಟದೆತ್ತರ ಇರಬೇಕೆಂದು ನಿಯಮ. ಹೂತ ಮೇಲೆ ಅದು ಮೊಣಕಾಲು ದಾಟಿ ಚೂರು ಮೇಲಕ್ಕೆ ಬರುತ್ತಿತ್ತು, ಅಷ್ಟೇ. ಅಂಚು ಕಿತ್ತು ಮೇಲಕ್ಕೆತ್ತಿ ಕಟ್ಟಿ, ಅವರು ಹೋದ ಮೇಲೆ ಮತ್ತೆ ಹೂಳಿದರಾಯಿತು ಎಂದವಳು ಕಾಲುವೆಯಕ್ಕನೇ. ಅಧಿಕಾರಿ ರಸ್ತೆಯಿಂದಲೇ ನೋಡಿ ತಲೆಯಾಡಿಸಿ ಹೋದರು. ಅವರ ಕಣ್ಣಿಗೆ ಮಣ್ಣೆರಚಿದ ಖುಷಿಯಲ್ಲಿ ಕೆಲಸಗಾರರೆಲ್ಲ ನಕ್ಕರು. ಆಕಾಶ ನಿಚ್ಚಳವಾಗಿತ್ತು. ಹೂಳುವ ಕೆಲಸ ಮರುದಿನಕ್ಕೆ ಹೋಯಿತು; ಮರುದಿನ ಬೆಳಿಗ್ಗೆ ಕಲ್ಲಿನ ಲಾರಿ ಬಂದದ್ದರಿಂದ ಊಟವಾದ ಮೇಲೆ ನೋಡೋಣ ಎಂದಾಯಿತು.

ಊಟ ಮುಗಿಯುವ ಮೊದಲೇ ಮಳೆ ಬಂತು. ಬಂತು ಎಂದರೆ ಸಾಲದು, ಎದುರಿಗೆ ನಿಂತವರ ಮುಖ ಕಾಣದ ಹಾಗೆ ಸುರಿಯಿತು. ಹೊಂಡದ ನೀರು ಏರುವುದನ್ನು ಕಂಡ ಸೈಟಿನ ಇಂಜಿನಿಯರ್, ಓಣಿಯವರಿಗೆ ಹೇಳಿಬಿಡುವುದು ಒಳ್ಳೆಯದಲ್ಲವೇ ಎಂದು ಕೇಳಿದರು. ಇಂಥ ಮಳೆ ಎಷ್ಟೋ ಕಂಡಿದ್ದೇನೆ, ಸುಮ್ಮನೆ ಜನರನ್ನು ಗಾಬರಿಪಡಿಸಬೇಡಿ ಎಂದಳು ಆಕೆ. ಅನುಭವಸ್ಥಳ ಮಾತೆಂದು ಅವರು ಸುಮ್ಮನಾದರು. ಅಂಚಿನ ವಿಷಯ ಅವರಿಗೆ ಗೊತ್ತಿರಲಿಲ್ಲ. ಆಕೆಗೆ ಚೆನ್ನಾಗಿ ನೆನಪಿತ್ತು, ಬಾಯಿ ಬಿಡಲಿಲ್ಲ. ಅದೊಂದಕ್ಕೆ ಆಕೆಯನ್ನು ಕ್ಷಮಿಸುವುದು ನನಗೂ ಕಷ್ಟ.

ಯಾರಿಗೂ ತಿಳಿಯದಂತೆ ಹೂತುಬಿಡೋಣವೆಂದು ಸಲಿಕೆ ಹಿಡಿದು ಒಬ್ಬಳೇ ಓಡಿದಳು. ಬಟ್ಟೆ ಮೇಲೆ ಠೀವಿಯಿಂದ ನಿಂತಿತ್ತು; ಅಡಿಯಲ್ಲಿ ಕೆಂಪು ಕೆಸರು ಬುಸಬುಸನೆ ನುಗ್ಗುತ್ತಿತ್ತು. ಒಂದು ಸಲಿಕೆ ಮಣ್ಣು ಹಾಕಿದಳು, ಹಾಕುವಷ್ಟರಲ್ಲಿ ಕೊಚ್ಚಿಹೋಯಿತು. ಹೊಂಡದಲ್ಲಿ ಅರ್ಧಕ್ಕೂ ಹೆಚ್ಚು ಹೂಳೇ ತುಂಬಿ ನೀರಿಗೆ ಜಾಗವಿರಲಿಲ್ಲ. ಬದುವಿನ ಹೊರಮೈಯಲ್ಲಿ, ತಂಗಿಯ ಮನೆಯ ನೇರಕ್ಕೆ, ಒಂದು ಕಡೆ ಕೆಸರು ಜಿನುಗುತ್ತಿತ್ತು. ಇಂಜಿನಿಯರನ್ನು ಕೂಗಿ ಕರೆದು, ಬದು ನಿಲ್ಲುವುದಿಲ್ಲ, ಎಲ್ಲರನ್ನೂ ಓಣಿಗೆ ಓಡಿಸಿ ಎಂದವಳೇ ತಂಗಿಗೆ ಫೋನ್ ಮಾಡಿದಳು.

"ಮಾವನ್ನ ಎತ್ಕೊಂಡು ಈಗ್ಲೇ ಹೊರಗೆ ಹೋಗು."

"ಏನಕ್ಕಾ ನೀನು, ಅವರು ಈಗಷ್ಟೇ ನಿದ್ದೆ ಹೋಗಿದ್ದಾರೆ. ಏನೂ ಆಗಲ್ಲ ಅಂತ ನೀನೇ ಹೇಳಿದ್ಯಲ್ಲ."

"ಹೇಳಿದ್ದು ತಪ್ಪು ಕಣೇ. ನನ್ನ ಮಾತು ನಂಬ್ಕೊಂಡು ಕೂತ್ರೆ ಸಾಯ್ತೀರಾ. ಏಳು."

ಅಕ್ಕನ ಬಾಯಲ್ಲಿ ತಪ್ಪು ಎಂಬ ಮಾತನ್ನು ತಂಗಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಎದ್ದು ಮಾವನನ್ನು ಎಬ್ಬಿಸಿದಳು. ಕೆಲಸಗಾರರಿಬ್ಬರು ಬಂದು ಮಾವನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತರು. ಉಳಿದವರು ಬಾಗಿಲು ಬಾಗಿಲು ಬಡಿದರು. ಓಣಿಯ ಜನ ಎತ್ತರದ ರಸ್ತೆಗೆ ಹತ್ತಿ ನಿಂತರೋ ಇಲ್ಲವೋ, ಬದು ಬಾಯಿಬಿಟ್ಟಿತು. ಕೆಸರು ತಂಗಿಯ ಮನೆಯ ಹಿಂಬಾಗಿಲು ಮುರಿದು ಒಳನುಗ್ಗಿ, ಮಂಚವನ್ನೂ ಹೊಲಿಗೆ ಯಂತ್ರವನ್ನೂ ಮುಳುಗಿಸಿ, ಮುಂಬಾಗಿಲಿಂದ ಬೀದಿಗೆ ಬಂತು.

ಮಳೆ ನಿಂತ ಮೇಲೆ ಆಕೆ ಕೆಳಗಿಳಿದು ಬಂದಾಗ ಸೊಂಟದವರೆಗೂ ಕೆಸರಾಗಿತ್ತು. ಓಣಿಯವರು ಸುತ್ತುವರಿದರು. ಸಮಯಕ್ಕೆ ಫೋನ್ ಮಾಡಿ ಎಲ್ಲರ ಜೀವ ಉಳಿಸಿದೆಯಮ್ಮ ಎಂದು ಮಾವ ಕೈ ಮುಗಿದರು. ಯಾರೋ ಕಟ್ಟೆಯ ಮೇಲೆ ಕೂರಿಸಿದರು. ತಂಗಿ ಎದುರುಮನೆಯಿಂದ ಬಿಂದಿಗೆ ತಂದು, ಅಳುತ್ತಲೇ ಅಕ್ಕನ ಕಾಲಿಗೆ ನೀರು ಸುರಿದು ತಿಕ್ಕತೊಡಗಿದಳು.

ಒಂದು ಕಾಲು ತೊಳೆದು ಮುಗಿಯುವವರೆಗೆ ಕಾಲುವೆಯಕ್ಕ ಸುಮ್ಮನಿದ್ದಳು. ಸುಮ್ಮನೇ ಇದ್ದಿದ್ದರೆ ಓಣಿಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಮುಗಿದ ಕೈಗಳನ್ನು ನೋಡಿ ತಡೆಯಲಾಗಲಿಲ್ಲ.

"ಬಟ್ಟೆ ಅಂಚು ಕೀಳ್ಸಿದ್ದು ನಾನೇ," ಎಂದಳು. "ನೋಡೋಕೆ ಎತ್ತರ ಕಾಣ್ಲಿ ಅಂತ. ಹೂತಿದ್ರೆ ಬದು ನಿಲ್ತಿತ್ತು. ಮೊದಲೇ ಗೊತ್ತಿದ್ದೂ ಹೇಳ್ಲಿಲ್ಲ."

ತಂಗಿ ತನ್ನ ಮನೆಯ ಕಡೆ ತಿರುಗಿ ನೋಡಿದಳು. ಆಮೇಲೆ ಬಿಂದಿಗೆಯನ್ನು ಅಕ್ಕನ ಪಕ್ಕದಲ್ಲಿ ಇಟ್ಟು, ಎದ್ದು, ಮಾವನ ಕುರ್ಚಿಯ ಹತ್ತಿರ ಹೋಗಿ ನಿಂತಳು. ಇನ್ನೊಂದು ಕಾಲನ್ನು ಕಾಲುವೆಯಕ್ಕ ತಾನೇ ತೊಳೆದುಕೊಂಡಳು.